ಕಾಸರಗೋಡು ಕ್ಷೇತ್ರ: 1967ರ ಆ ಕನ್ನಡದ ವೋಟು ಆಮೇಲೆ ಎಲ್ಲಿಗೆ ಹೋಯಿತು?

ಬೀರಂತಬೈಲು
ಎಲ್ಲರಿಗೂ ನಮಸ್ಕಾರ. ನಮ್ಮ ವಾಚನಾಲಯದಲ್ಲಿ ಹೊಸ ಮತದಾರರಿಗೆ ಒಂದು ಮಾತುಕತೆ ಇಟ್ಟಿದ್ದೇವೆ. ಕಾಸರಗೋಡು ವಿಧಾನಸಭಾ ಕ್ಷೇತ್ರದ ಚರಿತ್ರೆ ಹೇಳುವ ಕೆಲಸ ನನಗೆ ಬಂದಿದೆ. ಗೆದ್ದವರ ಪಟ್ಟಿ ಬರೆಯಲು ಕೂತಾಗ ಒಂದು ಪ್ರಶ್ನೆ ತಲೆಯಲ್ಲಿ ಉಳಿದುಬಿಟ್ಟಿತು. ಅದನ್ನು ಇಲ್ಲಿ ಕೇಳುತ್ತಿದ್ದೇನೆ.

1957ರಲ್ಲಿ ಕೇರಳದ ಮೊದಲ ಚುನಾವಣೆ. ಇಲ್ಲಿ ಕಾಂಗ್ರೆಸ್ಸಿನ ಕುಞಿಕೃಷ್ಣನ್ ನಾಯರ್ ಗೆದ್ದರು. 1967ರಲ್ಲಿ, ಕಾಸರಗೋಡನ್ನು ಕರ್ನಾಟಕಕ್ಕೆ ಸೇರಿಸಿ ಅಂತ ಹೋರಾಡುತ್ತಿದ್ದ ಕರ್ನಾಟಕ ಸಮಿತಿಯ ಯು. ಪಿ. ಕುಣಿಕುಳ್ಳಾಯರು ಪಕ್ಷೇತರರಾಗಿ ನಿಂತು ಗೆದ್ದರು. 1970ರಲ್ಲಿ ಬಿ. ಎಂ. ಅಬ್ದುಲ್ ರಹಿಮಾನ್, 1977ರಲ್ಲಿ ಮುಸ್ಲಿಂ ಲೀಗಿನ ಟಿ. ಎ. ಇಬ್ರಾಹಿಂ. 1980ರಿಂದ 2006ರ ತನಕ ಏಳು ಸಾರ್ವತ್ರಿಕ ಚುನಾವಣೆ, ಏಳರಲ್ಲೂ ಲೀಗಿನ ಸಿ. ಟಿ. ಅಹಮ್ಮದ್ ಅಲಿ. ಆಮೇಲೆ 2011, 2016, 2021 ಮೂರು ಸಲವೂ ಅದೇ ಪಕ್ಷದ ಎನ್. ಎ. ನೆಲ್ಲಿಕುನ್ನು.

ನನ್ನ ಪ್ರಶ್ನೆ ಇಷ್ಟೇ. 1967ರಲ್ಲಿ ಕನ್ನಡದ ಹೆಸರಲ್ಲಿ ನಿಂತವರು ಗೆಲ್ಲುವಷ್ಟು ವೋಟು ಈ ಊರಲ್ಲಿತ್ತು. ಆಮೇಲೆ ಒಬ್ಬರೂ ಹಾಗೆ ಗೆಲ್ಲಲಿಲ್ಲ. ಆ ವೋಟು ಎಲ್ಲಿಗೆ ಹೋಯಿತು? 2021ರ ತನಕದ ಲೆಕ್ಕ ಮಾತ್ರ ಮಾತಾಡೋಣ. ಮುಂದೆ ಯಾರು ಗೆಲ್ತಾರೆ ಅನ್ನುವ ಜಗಳ ಬೇಡ.

ಪೆರಡಾಲ
ಇದರಲ್ಲಿ ಕೇಳುವುದೇನಿದೆ ಮಾರಾಯ್ರೆ? ತಾವರೆಗೆ ಹೋಯಿತು. 2021ರಲ್ಲಿ ಎರಡನೇ ಸ್ಥಾನದಲ್ಲಿ ಯಾರಿದ್ದರು ನೋಡಿ, ಗೊತ್ತಾಗುತ್ತದೆ.

ತಳಂಗರೆಯವ
ಅಷ್ಟು ಸಲೀಸಾಗಿ ಹೇಳಬೇಡಿ ಪೆರಡಾಲ ಅಣ್ಣ. ನನ್ನ ಅಜ್ಜ 1967ರಲ್ಲಿ ಕುಣಿಕುಳ್ಳಾಯರಿಗೆ ವೋಟು ಹಾಕಿದವರು. ಅವರು ಓದಿದ್ದು ಕನ್ನಡ ಶಾಲೆಯಲ್ಲಿ. ಅಂಗಡಿಯ ಲೆಕ್ಕದ ಪುಸ್ತಕ ಕೊನೆಯ ತನಕ ಕನ್ನಡದಲ್ಲೇ ಬರೆದರು. ಮನೆಯಲ್ಲಿ ಆಡುವ ಮಾತು ಬೇರೆ, ಅದು ಬೇರೆ ವಿಷಯ. ಆಮೇಲೆ ಅವರು ಲೀಗಿಗೆ ಹಾಕಿದರು. ಹಾಗಾದರೆ ಅವರ ವೋಟು ತಾವರೆಗೆ ಹೋಯಿತಾ? ಕನ್ನಡದ ವೋಟು ಅಂದ ಕೂಡಲೇ ಬರೀ ಹಿಂದೂ ವೋಟು ಅಂತ ಎಣಿಸುವುದೇ ತಪ್ಪು.

ಮುಳ್ಳೇರಿಯಾ ಅಕ್ಕ
ತಳಂಗರೆಯವರು ಹೇಳಿದ್ದಕ್ಕೆ ನನ್ನದೂ ಒಂದು ವೋಟು. ನಮ್ಮ ಪಕ್ಕದ ಮನೆಯ ಬ್ಯಾರಿ ಕುಟುಂಬದ ಮೂರು ಮಕ್ಕಳೂ ಕನ್ನಡ ಮಾಧ್ಯಮದಲ್ಲಿ ಕಲಿತವರು. ನಮ್ಮವರೇ ಎಷ್ಟೋ ಜನ ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಹಾಕಿದ್ದಾರೆ.

ನಿವೃತ್ತ ಮಾಸ್ಟ್ರು
1967ರ ಗೆಲುವನ್ನು ನೋಡುವಾಗ ಕ್ಯಾಲೆಂಡರ್ ಪಕ್ಕದಲ್ಲಿಟ್ಟುಕೊಳ್ಳಬೇಕು. ಅದಿಲ್ಲದೆ ಉತ್ತರ ಸಿಗುವುದಿಲ್ಲ.

1956 ನವೆಂಬರ್ 1ಕ್ಕೆ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಅದಕ್ಕೆ ಮೊದಲು ನಾವು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದೆವು. ರಾಜ್ಯಗಳ ಪುನರ್ವಿಂಗಡಣೆಗೆ ನೇಮಿಸಿದ್ದ ಫಜಲ್ ಅಲಿ ಆಯೋಗ ತಾಲೂಕನ್ನು ಇಡಿಯಾಗಿ ಕೇರಳಕ್ಕೆ ಕೊಡಿ ಎಂದಿತು. ಅಲ್ಲಿಂದ ಕನ್ನಡ ರಾಜ್ಯಕ್ಕೆ ವಿಲೀನ ಮಾಡಿ ಅನ್ನುವ ಹೋರಾಟ ಶುರು. ಕಯ್ಯಾರ ಕಿಞ್ಞಣ್ಣ ರೈಗಳು, ಕಳ್ಳಿಗೆ ಮಹಾಬಲ ಭಂಡಾರಿಗಳು, ಕುಣಿಕುಳ್ಳಾಯರು ಎಲ್ಲ ಮುಂಚೂಣಿಯಲ್ಲಿದ್ದರು. ಹತ್ತು ವರ್ಷ ಕೂಗಿದ ಮೇಲೆ 1966ರ ಅಕ್ಟೋಬರಿನಲ್ಲಿ ಕೇಂದ್ರ ಗಡಿ ವಿವಾದ ನೋಡಲು ಮಹಾಜನ ಆಯೋಗ ನೇಮಿಸಿತು.

ವಿಧಾನಸಭೆ ಚುನಾವಣೆ ಬಂದದ್ದು ಅದಾದ ಕೆಲವೇ ತಿಂಗಳಿಗೆ, 1967ರ ಆರಂಭದಲ್ಲಿ. ಆಯೋಗ ಇನ್ನೂ ಕೆಲಸ ಮಾಡುತ್ತಿತ್ತು. ಜನರಿಗೆ ನಿಜವಾದ ಆಸೆ ಇತ್ತು. ನಾವು ಕರ್ನಾಟಕ ಸಮಿತಿಯನ್ನು ಗೆಲ್ಲಿಸಿದರೆ ಅದೇ ಒಂದು ಸಾಕ್ಷಿ, ಆಯೋಗ ಅದನ್ನು ನೋಡುತ್ತದೆ ಅಂತ. ಆ ಸಲ ಪಕ್ಕದ ಮಂಜೇಶ್ವರ ಕ್ಷೇತ್ರದಲ್ಲಿ ಭಂಡಾರಿಗಳು, ಕಾಸರಗೋಡಿನಲ್ಲಿ ಕುಣಿಕುಳ್ಳಾಯರು, ಇಬ್ಬರೂ ಗೆದ್ದರು. ಅದೇ ವರ್ಷ ಆಗಸ್ಟಿನಲ್ಲಿ ವರದಿ ಬಂತು. ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಆಗಿನ ಮೈಸೂರು ರಾಜ್ಯಕ್ಕೆ ಕೊಡಬೇಕು ಎಂದು ಅದರಲ್ಲಿತ್ತು. ಕೇರಳ ಒಪ್ಪಲಿಲ್ಲ. ಕೇಂದ್ರ ಅದನ್ನು ಜಾರಿ ಮಾಡಲಿಲ್ಲ.

1970ರ ಚುನಾವಣೆ ಬರುವಾಗ ವರದಿ ಮೂಲೆಗೆ ಬಿದ್ದು ಮೂರು ವರ್ಷ ಆಗಿತ್ತು. ಎರಡೂ ಕಡೆ ಸಮಿತಿಯ ಸೀಟು ಹೋಯಿತು. ವೋಟು ಎಲ್ಲಿಗೂ ಓಡಿಹೋಗಲಿಲ್ಲ ಬೀರಂತಬೈಲಿನವರೇ. ವೋಟಿನಿಂದ ಆಗುವ ಕೆಲಸ ಅದಲ್ಲ ಅಂತ ಜನರಿಗೆ ಗೊತ್ತಾಯಿತು.

ಬೀರಂತಬೈಲು
ಮಾಸ್ಟ್ರೇ, ಇದು ಬೇಕಿತ್ತು. ಆಯೋಗದ ದಿನಾಂಕವನ್ನೂ ಚುನಾವಣೆಯ ದಿನಾಂಕವನ್ನೂ ಅಕ್ಕಪಕ್ಕ ಇಟ್ಟು ಯಾರೂ ಹೇಳಿದ್ದು ಕೇಳಿರಲಿಲ್ಲ.

ದುಬೈ ಕಾಸ್ರೋಡ್
ಮಂಜೇಶ್ವರದಲ್ಲಿ ಭಂಡಾರಿಗಳೇ ಅಲ್ವಾ ಮೊದಲ ಶಾಸಕರು? ನಾನು ಹಾಗೇ ಕೇಳಿದ್ದು.

ಹೊಸಂಗಡಿ
ಅಲ್ಲ. ಮೊದಲಿನವರು ಎಂ. ಉಮೇಶ ರಾವ್, 1957. ಪಕ್ಷೇತರರು, ಅದೂ ಅವಿರೋಧ ಆಯ್ಕೆ. ಕೇರಳದ ಮೊದಲ ವಿಧಾನಸಭೆಗೆ ವೋಟೇ ಇಲ್ಲದೆ ಆರಿಸಿ ಹೋದವರು ಅವರು. ಭಂಡಾರಿಗಳು ಗೆದ್ದದ್ದು 1960ರಿಂದ.

ಎದುರಿಗೆ ಯಾರೂ ನಿಲ್ಲದೆ ಶಾಸಕರಾಗುವುದು! 2016ರಲ್ಲಿ ಅದೇ ಕ್ಷೇತ್ರದಲ್ಲಿ 89 ವೋಟಿಗೆ ಜಗಳ.

ದುಬೈ ಕಾಸ್ರೋಡ್
89ರ ಕತೆ ಹೇಳಿ. ಆಗ ನಾನು ದುಬೈಯಲ್ಲಿದ್ದೆ, ಫೋನಿನಲ್ಲೇ ರಾತ್ರಿ ತನಕ ಕೂತಿದ್ದೆವು.

ಹೊಸಂಗಡಿ
2016. ಲೀಗಿನ ಪಿ. ಬಿ. ಅಬ್ದುಲ್ ರಜಾಕ್ 56,870. ಬಿಜೆಪಿಯ ಕೆ. ಸುರೇಂದ್ರನ್ 56,781. ಆ ಸಲ ಸುರೇಂದ್ರನ್ ಹೆಸರಿಗೆ ಹತ್ತಿರದ ಹೆಸರಿನ ಬಿಎಸ್‌ಪಿ ಅಭ್ಯರ್ಥಿಗೆ 467 ವೋಟು ಬಿದ್ದಿತ್ತು. ಸುರೇಂದ್ರನ್ ಹೈಕೋರ್ಟಿಗೆ ಹೋದರು. 2018ರಲ್ಲಿ ರಜಾಕ್ ತೀರಿಕೊಂಡರು. ಅರ್ಜಿಯನ್ನು 2019ರಲ್ಲಿ ಸುರೇಂದ್ರನ್ ಅವರೇ ಹಿಂದೆ ತೆಗೆದುಕೊಂಡರು. ಹಾಗಾಗಿ ಉಪಚುನಾವಣೆ 2019ರ ಅಕ್ಟೋಬರಿಗೆ ಹೋಯಿತು. ಒಂದು ವರ್ಷ ನಮಗೆ ಶಾಸಕರೇ ಇರಲಿಲ್ಲ. ಆ ಕಷ್ಟವನ್ನು ಯಾರೂ ಮಾತಾಡುವುದಿಲ್ಲ.

ಪೆರಡಾಲ
1991ರದ್ದೂ ಸೇರಿಸಿ. ಬಿಜೆಪಿಯ ಕೆ. ಜಿ. ಮಾರಾರ್ ಮಂಜೇಶ್ವರದಲ್ಲಿ ಲೀಗಿನ ಚೆರ್ಕಳಂ ಅಬ್ದುಲ್ಲರ ಎದುರು ಸೋತದ್ದು 1,072 ವೋಟಿಗೆ. ಆಗಿನಿಂದ ಈ ಪಕ್ಷ ಇಲ್ಲಿ ಬಾಗಿಲ ತನಕ ಬಂದು ನಿಂತಿದೆ.

ಚೆರ್ಕಳ ಜಂಕ್ಷನ್
ವಿಷಯ ಕಾಸರಗೋಡು ಕ್ಷೇತ್ರ. ಎಲ್ಲರೂ ಮಂಜೇಶ್ವರಕ್ಕೆ ಹೋಗಿಬಿಟ್ಟಿರಿ. ಟಿವಿಯವರೂ ಇದೇ ಮಾಡುವುದು. ಅಲ್ಲಿ ಅಂತರ ಕಡಿಮೆ, ಹಾಗಾಗಿ ಕ್ಯಾಮೆರಾ ಎಲ್ಲ ಅಲ್ಲಿಗೆ. ಜಿಲ್ಲಾ ಕೇಂದ್ರ ಇರುವ ಕ್ಷೇತ್ರದ ಕಡೆಗೆ ಯಾರೂ ತಿರುಗಿಯೂ ನೋಡುವುದಿಲ್ಲ.

ಲೆಕ್ಕಪತ್ರ
ಸರಿ, ಕಾಸರಗೋಡಿಗೇ ಬರೋಣ. 2011ರಿಂದ 2021ರ ತನಕದ ಮೂರು ಚುನಾವಣೆ ತೆಗೆದುಕೊಳ್ಳಿ.

2011: ನೆಲ್ಲಿಕುನ್ನು 53,068, ಬಿಜೆಪಿಯ ಜಯಲಕ್ಷ್ಮಿ ಎನ್. ಭಟ್ 43,330. ಅಂತರ 9,738.
2016: ನೆಲ್ಲಿಕುನ್ನು 64,727, ಬಿಜೆಪಿಯ ರವೀಶ ತಂತ್ರಿ ಕುಂಟಾರು 56,120. ಅಂತರ 8,607.
2021: ನೆಲ್ಲಿಕುನ್ನು 63,296, ಬಿಜೆಪಿಯ ಕೆ. ಶ್ರೀಕಾಂತ್ 50,395. ಅಂತರ 12,901.

ಎಲ್ಲರೂ 2021ರ ಅಂತರ ನೋಡಿ ಲೀಗ್ ಬೆಳೆಯಿತು ಅಂತಾರೆ. ಆದರೆ 2016ಕ್ಕಿಂತ 2021ರಲ್ಲಿ ಲೀಗಿಗೆ 1,431 ವೋಟು ಕಡಿಮೆ ಬಿದ್ದಿದೆ. ಅಂತರ ಹೆಚ್ಚಿದ್ದು ಬಿಜೆಪಿಗೆ 5,725 ಕಡಿಮೆ ಆದದ್ದರಿಂದ. ಹೆಚ್ಚಾದದ್ದು ಎಡರಂಗಕ್ಕೆ. 2016ರಲ್ಲಿ ಅವರ ಮಿತ್ರಪಕ್ಷ ಐಎನ್‌ಎಲ್ (ಇಂಡಿಯನ್ ನ್ಯಾಷನಲ್ ಲೀಗ್) ಅಭ್ಯರ್ಥಿಗೆ 21,615 ಇತ್ತು, 2021ರಲ್ಲಿ ಅದೇ ಐಎನ್‌ಎಲ್‌ನ ಎಂ. ಎ. ಲತೀಫ್‌ಗೆ 28,323. ಮೂವರ ಒಟ್ಟು ವೋಟು ಎರಡೂ ಸಲ ಹೆಚ್ಚುಕಡಿಮೆ ಒಂದೇ, 1 ಲಕ್ಷ 42 ಸಾವಿರದ ಹತ್ತಿರ. ಕೊಡ ಅದೇ, ನೀರು ಒಳಗೇ ಅಲುಗಾಡಿದೆ.

ಮಂಜೇಶ್ವರದಲ್ಲಿ ಇದರ ಉಲ್ಟಾ. 2021ರಲ್ಲಿ ಅಲ್ಲಿ ಲೀಗಿನ ಎ. ಕೆ. ಎಂ. ಅಶ್ರಫ್ 65,758, ಸುರೇಂದ್ರನ್ 65,013. ಐದು ವರ್ಷದಲ್ಲಿ ಲೀಗಿಗೆ 8,888, ಬಿಜೆಪಿಗೆ 8,232 ಹೆಚ್ಚಾಯಿತು. ಎಡರಂಗ ಮಾತ್ರ ಸ್ವಲ್ಪ ಇಳಿಯಿತು. ಸ್ಪರ್ಧೆ ಬಿಗಿಯಾದ ಕಡೆ ಜನ ಎರಡು ಗುಂಪಾಗುತ್ತಾರೆ. ಸ್ಪರ್ಧೆ ಸಡಿಲವಾದ ಕಡೆ ತಮಗೆ ಬೇಕಾದವರಿಗೆ ಹಾಕುತ್ತಾರೆ.

ಪೆರಡಾಲ
ಬಿಜೆಪಿಯ 5,725 ಹೋಗಿ ಐಎನ್‌ಎಲ್‌ಗೆ ಬಿತ್ತು ಅಂತ ಹೇಳ್ತಿದ್ದೀರಾ? ಬದಿಯಡ್ಕದಲ್ಲಿ ಯಾರೂ ಇದನ್ನು ನಂಬುವುದಿಲ್ಲ.

ಲೆಕ್ಕಪತ್ರ
ನಾನು ಹಾಗೆ ಹೇಳಲಿಲ್ಲ. ಯಾರ ವೋಟು ಯಾರಿಗೆ ಹೋಯಿತು ಅಂತ ಒಟ್ಟು ಸಂಖ್ಯೆಯಿಂದ ಗೊತ್ತಾಗುವುದಿಲ್ಲ. ಐದು ವರ್ಷದಲ್ಲಿ ಕೆಲವರು ತೀರಿಕೊಂಡಿರುತ್ತಾರೆ, ಹೊಸಬರು ಸೇರಿರುತ್ತಾರೆ, ಗಲ್ಫಿನವರು ಒಮ್ಮೆ ಬರುತ್ತಾರೆ, ಒಮ್ಮೆ ಬರುವುದಿಲ್ಲ. ಬೂತ್ ಬೂತ್ ಲೆಕ್ಕ ತೆಗೆದರೆ ಮಾತ್ರ ಏನಾದರೂ ಹೇಳಬಹುದು.

ತಳಂಗರೆಯವ
ಎಡರಂಗ ಈ ಸೀಟನ್ನು ಐಎನ್‌ಎಲ್‌ಗೆ ಬಿಟ್ಟುಕೊಡುವುದೇ ನನಗೆ ಬೇಸರ. ಸಿಪಿಎಂ ಸ್ವತಃ ಒಮ್ಮೆ ಗಟ್ಟಿಯಾಗಿ ನಿಂತು ನೋಡಲಿ. ಕೊಡುವವರಿಗೂ ಗೆಲ್ಲುವ ಮನಸ್ಸಿಲ್ಲ, ಪಡೆಯುವವರಿಗೂ ಬಲ ಇಲ್ಲ. ಮತದಾರ ಮಧ್ಯದಲ್ಲಿ ಸಿಕ್ಕಿಕೊಂಡಿದ್ದಾನೆ. ಲೀಗಿಗೆ ಹಾಕುವ ನನ್ನಂಥವರೂ ಒಳ್ಳೆಯ ಪೈಪೋಟಿ ಬೇಕು ಅಂತಲೇ ಹೇಳುತ್ತೇವೆ. ಅಂತರ ಕಡಿಮೆ ಆದರೆ ಮಾತ್ರ ನಮ್ಮ ರಸ್ತೆ ನೆನಪಾಗುವುದು.

ಚೆರ್ಕಳ ಜಂಕ್ಷನ್
ಇದು ಸತ್ಯ.

ಮುಳ್ಳೇರಿಯಾ ಅಕ್ಕ
ಕ್ಷೇತ್ರ ಅಂದರೆ ಪೇಟೆ ಮಾತ್ರ ಅಲ್ಲ ಅಂತ ನಿಮ್ಮ ಮಕ್ಕಳಿಗೆ ಮೊದಲು ಹೇಳಿ ಬೀರಂತಬೈಲಿನವರೇ. ಈಗಿನ ಮರುವಿಂಗಡಣೆಯ ಪ್ರಕಾರ ಕಾಸರಗೋಡು ನಗರಸಭೆ, ಅದರ ಜೊತೆಗೆ ಮಧೂರು, ಮೊಗ್ರಾಲ್ ಪುತ್ತೂರು, ಚೆಂಗಳ, ಬದಿಯಡ್ಕ, ಕುಂಬ್ಡಾಜೆ, ಬೆಳ್ಳೂರು, ಕಾರಡ್ಕ ಪಂಚಾಯತುಗಳು. ನಾನು ಇರುವುದು ಕಾರಡ್ಕದಲ್ಲಿ. ಇಲ್ಲಿಂದ ಪೇಟೆಗೆ ಬರುವುದೇ ಒಂದು ಕೆಲಸ. ತಳಂಗರೆಯ ಮೀನುಗಾರರ ಕಷ್ಟಕ್ಕೂ ಬೆಳ್ಳೂರಿನ ಅಡಿಕೆ ತೋಟದ ಕಷ್ಟಕ್ಕೂ ಒಬ್ಬರೇ ಶಾಸಕರು.

ಇನ್ನೊಂದು ಮಾತು. ನಮ್ಮ ಪಕ್ಕದ ಮುಳಿಯಾರು, ಆಚೆಯ ದೇಲಂಪಾಡಿ ಉದುಮ ಕ್ಷೇತ್ರಕ್ಕೆ ಸೇರಿವೆ. ಕುಂಬಳೆ, ಪುತ್ತಿಗೆ, ಎಣ್ಮಕಜೆ, ಪೈವಳಿಕೆ ಮಂಜೇಶ್ವರಕ್ಕೆ. ಕನ್ನಡ ಮಾತಾಡುವ ಹಳ್ಳಿಗಳು ಮೂರು ಕ್ಷೇತ್ರಕ್ಕೆ ಹಂಚಿಹೋಗಿವೆ. ಒಂದೇ ಕಡೆ ಇದ್ದಿದ್ದರೆ ನಿಮ್ಮ ಪ್ರಶ್ನೆಗೆ ಉತ್ತರವೇ ಬೇರೆ ಇರುತ್ತಿತ್ತು.

ನಿವೃತ್ತ ಮಾಸ್ಟ್ರು
ಅಕ್ಕ ಹೇಳಿದ್ದು ಸರಿ, ಆದರೆ ಒಂದೇ ಕಡೆ ಇದ್ದರೂ ಒಗ್ಗಟ್ಟು ಇರುತ್ತಿತ್ತು ಅನ್ನುವ ನಂಬಿಕೆ ನನಗಿಲ್ಲ. ಮಂಜೇಶ್ವರವನ್ನೇ ನೋಡಿ. ಕನ್ನಡ ಅತಿ ಹೆಚ್ಚು ನಡೆಯುವ ಕ್ಷೇತ್ರ ಅದು. 1970ರಲ್ಲೂ 1977ರಲ್ಲೂ ಸಿಪಿಐಯ ಎಂ. ರಾಮಪ್ಪ ಗೆದ್ದರು. 1980, 1982ರಲ್ಲಿ ಅದೇ ಪಕ್ಷದ ಡಾ. ಎ. ಸುಬ್ಬರಾವ್. ಅವರು ನಾಯನಾರ್ ಸರಕಾರದಲ್ಲಿ ನೀರಾವರಿ ಸಚಿವರೂ ಆದರು. 1987ರಿಂದ ನಾಲ್ಕು ಸಲ ಚೆರ್ಕಳಂ. 2006ರಲ್ಲಿ ಸಿಪಿಎಂನ ಸಿ. ಎಚ್. ಕುಞ್ಞಂಬು, ಆ ಸಲ ಚೆರ್ಕಳಂ ಮೂರನೇ ಸ್ಥಾನಕ್ಕೆ ಇಳಿದರು. ಒಂದೇ ಜನ, ಕರ್ನಾಟಕ ಸಮಿತಿಗೂ ಹಾಕಿದ್ದಾರೆ, ಕಮ್ಯುನಿಸ್ಟರಿಗೂ, ಲೀಗಿಗೂ. ಭೂಸುಧಾರಣೆಯ ಕಾಲದಲ್ಲಿ ಗೇಣಿದಾರನಿಗೆ ಭಾಷೆಗಿಂತ ಭೂಮಿ ದೊಡ್ಡದಾಗಿತ್ತು. ಕನ್ನಡ ಮಾತಾಡುವ ಧಣಿಯೂ ಇದ್ದ, ಕನ್ನಡ ಮಾತಾಡುವ ಒಕ್ಕಲೂ ಇದ್ದ. ಇಬ್ಬರೂ ಒಂದೇ ಪೆಟ್ಟಿಗೆಗೆ ವೋಟು ಹಾಕುವುದು ಹೇಗೆ?

ಪೆರಡಾಲ
ಭೂಮಿಯ ವಿಷಯ ಒಪ್ಪುತ್ತೇನೆ ಮಾಸ್ಟ್ರೇ. ನಮ್ಮ ಮನೆಯಲ್ಲೇ ಆ ಕಾಲಕ್ಕೆ ಎರಡು ಪಕ್ಷ ಆಗಿತ್ತು. ಆದರೆ ಆಮೇಲೆ? 1980ರ ನಂತರ ಯಾವ ಪಕ್ಷವೂ ಕನ್ನಡದ ಪ್ರಶ್ನೆಯನ್ನು ಎತ್ತದೆ ಇದ್ದಾಗ ಎತ್ತಿದವರು ಯಾರು? ಅದಕ್ಕೇ ನಾನು ತಾವರೆ ಎಂದದ್ದು. ಮಧೂರು ಪಂಚಾಯತ್ ದಶಕಗಳಿಂದ ಅವರ ಕೈಯಲ್ಲಿದೆ, ಅದು ಸುಮ್ನೆ ಬಂದದ್ದಲ್ಲ.

ಅಡ್ಕದ ಹುಡುಗ
ಪಂಚಾಯತ್ ಲೆಕ್ಕ ಹಿಡಿದರೆ ಕಾರಡ್ಕವನ್ನೂ ಹೇಳಬೇಕು. ಅಲ್ಲಿಯೂ ತುಂಬಾ ವರ್ಷ ಬಿಜೆಪಿ ಆಡಳಿತ. 2018ರಲ್ಲಿ ಎಡರಂಗ, ಕಾಂಗ್ರೆಸ್ ಮತ್ತು ಲೀಗಿನ ಐಕ್ಯರಂಗ ಎರಡೂ ಒಟ್ಟಾಗಿ ಅವಿಶ್ವಾಸ ಮಂಡಿಸಿ ಇಳಿಸಿದರು. ತಿರುವನಂತಪುರದಲ್ಲಿ ಪರಸ್ಪರ ಬೈಯುವವರು ಮುಳ್ಳೇರಿಯಾದಲ್ಲಿ ಒಂದೇ ಬೆಂಚಿನಲ್ಲಿ ಕೂತರು. ನನಗೆ ಅದು ಸರಿ ಕಾಣಲಿಲ್ಲ. ಜನ ಆರಿಸಿದ್ದನ್ನು ಮುಂದಿನ ಚುನಾವಣೆಯಲ್ಲಿ ಜನರೇ ಇಳಿಸಬೇಕು.

ಮುಳ್ಳೇರಿಯಾ ಅಕ್ಕ
ತಮ್ಮಾ, ಜನರೇ ಆರಿಸಿದ ಸದಸ್ಯರಲ್ವಾ ಅವಿಶ್ವಾಸಕ್ಕೆ ಕೈ ಎತ್ತಿದ್ದು? ಬಹುಮತ ಯಾರಿಗೂ ಇಲ್ಲದಿದ್ದರೆ ಇದು ಆಗುವುದೇ. ಆಡಳಿತ ಮಾಡುವವರು ಬದಲಾದರು. ನಮ್ಮ ಕಡೆಯ ಬಸ್ಸಿನ ಸಮಯ ಬದಲಾಗಲಿಲ್ಲ, ಅದರ ಬಗ್ಗೆ ಕೇಳು.

ಲೆಕ್ಕಪತ್ರ
ನಗರಸಭೆಯ ಲೆಕ್ಕ: 2020ರಲ್ಲಿ 38 ವಾರ್ಡು. ಲೀಗ್ 21, ಬಿಜೆಪಿ 14. ಉಳಿದ ಎಲ್ಲರಿಗೂ ಸೇರಿ 3. ಪೇಟೆಯೊಳಗೆ ಮೂರನೇ ಪಕ್ಷಕ್ಕೆ ಜಾಗವೇ ಇಲ್ಲ ಅನ್ನುವುದು ಇದರಲ್ಲಿ ಕಾಣುತ್ತದೆ. ವಿಧಾನಸಭೆಯಲ್ಲಿ 28 ಸಾವಿರ ಪಡೆದ ಎಡರಂಗಕ್ಕೆ ನಗರಸಭೆಯಲ್ಲಿ ಕೈಬೆರಳಿನಲ್ಲಿ ಎಣಿಸಲೂ ಸೀಟಿಲ್ಲ. ಅವರ ವೋಟು ಹೆಚ್ಚಾಗಿ ಹಳ್ಳಿ ಪಂಚಾಯತುಗಳಿಂದ ಬರುತ್ತದೆ.

ಚೆರ್ಕಳ ಜಂಕ್ಷನ್
ಪೇಟೆಯನ್ನು ಸರಿಯಾಗಿ ನೋಡಿದರೆ ಗೊತ್ತಾಗುತ್ತದೆ. ರೈಲ್ವೆ ಸ್ಟೇಷನ್ನಿನಿಂದ ತಳಂಗರೆಗೆ ಹೋಗುವ ದಾರಿ ಒಂದು ಬಗೆ. ಕರಂದಕ್ಕಾಡಿನಿಂದ ಮಧೂರಿಗೆ ಹೋಗುವ ದಾರಿ ಇನ್ನೊಂದು ಬಗೆ. ಧ್ವಜ ನೋಡಿಯೇ ವಾರ್ಡು ಹೇಳಬಹುದು. ಆದರೆ ಹಳೇ ಬಸ್‌ಸ್ಟ್ಯಾಂಡಿನ ಅಂಗಡಿ ಸಾಲಿನಲ್ಲಿ ಎಲ್ಲರೂ ಒಟ್ಟಿಗೆ ವ್ಯಾಪಾರ ಮಾಡುತ್ತಾರೆ. ಕನ್ನಡ, ಮಲಯಾಳ, ತುಳು, ಕೊಂಕಣಿ, ಬ್ಯಾರಿ ಎಲ್ಲ ಒಂದೇ ಅಂಗಡಿಯಲ್ಲಿ ಕೇಳುತ್ತದೆ. ಮಧ್ಯಾಹ್ನ ಒಟ್ಟಿಗೆ ಚಾ ಕುಡಿದವರು ಸಂಜೆ ಬೇರೆ ಬೇರೆ ಮೆರವಣಿಗೆಗೆ ಹೋಗುವ ಊರು ಇದು. ಇದನ್ನು ಎರಡೇ ಬಣ್ಣದಲ್ಲಿ ಬರೆದರೆ ನಿಮ್ಮ ಮಕ್ಕಳಿಗೆ ಊರು ಅರ್ಥ ಆಗುವುದಿಲ್ಲ.

ಮಂಗ್ಳೂರು ಬಸ್
ನೀವೆಲ್ಲ ವಿಧಾನಸಭೆ ಹಿಡಿದುಕೊಂಡಿದ್ದೀರಿ. ಲೋಕಸಭೆ ನೋಡಿ. ಕಾಸರಗೋಡು ಲೋಕಸಭಾ ಕ್ಷೇತ್ರದಿಂದ 1957, 1962, 1967ರಲ್ಲಿ ಕಮ್ಯುನಿಸ್ಟ್ ನಾಯಕ ಎ. ಕೆ. ಗೋಪಾಲನ್. 1971ರಲ್ಲಿ ಕಾಂಗ್ರೆಸ್ಸಿನ ರಾಮಚಂದ್ರನ್ ಕಡನ್ನಪ್ಪಳ್ಳಿ ಸಿಪಿಎಂನ ಇ. ಕೆ. ನಾಯನಾರರನ್ನೇ ಸೋಲಿಸಿದರು. ಆಮೇಲೆ 1980ರಲ್ಲಿ ಸಿಪಿಎಂನ ರಾಮಣ್ಣ ರೈ, 1984ರಲ್ಲಿ ಕಾಂಗ್ರೆಸ್ಸಿನ ಐ. ರಾಮ ರೈ, 1989, 1991ರಲ್ಲಿ ಮತ್ತೆ ರಾಮಣ್ಣ ರೈ. ಅಂದರೆ 1980ರಿಂದ 1996ರ ತನಕ ದೆಹಲಿಗೆ ಹೋದವರು ಈ ಕಡೆಯ ರೈಗಳೇ. ಆಗ ಎರಡು ಪಕ್ಷಗಳೂ ಉತ್ತರದ ಕಡೆಯ ಮನುಷ್ಯ ಬೇಕು ಅಂತ ಯೋಚಿಸುತ್ತಿದ್ದವು.

ಹೊಸಂಗಡಿ
ಅದಕ್ಕೆ ಕಾರಣ ಇದೆ. ಲೋಕಸಭಾ ಕ್ಷೇತ್ರ ಪಯ್ಯನ್ನೂರು, ಕಲ್ಯಾಶ್ಶೇರಿ ತನಕ ಹೋಗುತ್ತದೆ. ದಕ್ಷಿಣದಲ್ಲಿ ಸಿಪಿಎಂಗೆ ವೋಟು ಹೇಗೂ ಬರುತ್ತದೆ. ಉತ್ತರದಲ್ಲಿ ಸ್ವಲ್ಪ ಬೇಕು ಅಂತ ರೈಗಳನ್ನು ನಿಲ್ಲಿಸಿದರು. 1996ರಿಂದ ಟಿ. ಗೋವಿಂದನ್, 2004ರಿಂದ ಪಿ. ಕರುಣಾಕರನ್, ಆ ಯೋಚನೆ ಬಿಟ್ಟರು. 2019ರಲ್ಲಿ ಸೀಟು ಹೋಯಿತು. ರಾಜಮೋಹನ್ ಉಣ್ಣಿತ್ತಾನ್ 40,438 ಅಂತರದಲ್ಲಿ ಗೆದ್ದರು. ಕಾಂಗ್ರೆಸ್ಸಿಗೆ ಅದು 1984ರ ನಂತರದ ಮೊದಲ ಗೆಲುವು. ಉತ್ತರದ ಮಂಜೇಶ್ವರ, ಕಾಸರಗೋಡು ಎರಡೂ ಐಕ್ಯರಂಗಕ್ಕೆ ದೊಡ್ಡ ಲೀಡ್ ಕೊಟ್ಟದ್ದು ನೆನಪಿದೆಯಲ್ಲ?

ದುಬೈ ಕಾಸ್ರೋಡ್
ಹಾಗಾದರೆ ನಮ್ಮ ವೋಟಿಗೆ ಬೆಲೆ ಇದೆ ಅಂತಾಯಿತು. ಕೇಳಿ ಪಡೆಯುವವರು ಇಲ್ಲ ಅಷ್ಟೇ.

ಅಡ್ಕದ ಹುಡುಗ
ನನಗೊಂದು ಬೇರೆ ವಿಷಯ ಹೇಳಬೇಕು. ವೋಟಿಂಗ್ ಯಂತ್ರದಲ್ಲಿ ನಮ್ಮಲ್ಲಿ ಹೆಸರು ಮಲಯಾಳದಲ್ಲೂ ಕನ್ನಡದಲ್ಲೂ ಇರುತ್ತದೆ. ನನ್ನ ಅಜ್ಜಿಗೆ ಕನ್ನಡ ಮಾತ್ರ ಓದಲು ಬರುವುದು. ಪ್ರತಿ ಸಲ ಬೂತಿನ ಹೊರಗೆ ಬಂದು, ಹೆಸರು ಓದಿಯೇ ಒತ್ತಿದೆ ಅಂತ ಹೇಳುತ್ತಾರೆ. ಚಿಹ್ನೆ ನೋಡಿ ಒತ್ತುವುದಕ್ಕೂ ಹೆಸರು ಓದಿ ಒತ್ತುವುದಕ್ಕೂ ವ್ಯತ್ಯಾಸ ಇದೆ. ಆದರೆ ಅದೇ ಅಜ್ಜಿ ಸರಕಾರಿ ಕಚೇರಿಗೆ ಹೋದರೆ ಅರ್ಜಿ ಮಲಯಾಳದಲ್ಲಿ. ವೋಟು ಕೇಳುವಾಗ ಕನ್ನಡ, ಪಿಂಚಣಿ ಕೇಳುವಾಗ ಮಲಯಾಳ. ಇದು ಯಾವ ನ್ಯಾಯ?

ಮುಳ್ಳೇರಿಯಾ ಅಕ್ಕ
ನಾನು ಒಂದು ಕಚೇರಿಗೆ ಕನ್ನಡದಲ್ಲಿ ಅರ್ಜಿ ಕೊಟ್ಟೆ. ಓದುವವರು ರಜೆಯಲ್ಲಿದ್ದಾರೆ, ಆಮೇಲೆ ಬನ್ನಿ ಅಂದರು. ಕೊನೆಗೆ ಮಲಯಾಳದಲ್ಲಿ ಬರೆಸಿ ಕೊಟ್ಟೆ. ಕೇರಳದ 1969ರ ಅಧಿಕೃತ ಭಾಷಾ ಕಾನೂನಿನಲ್ಲಿ ಕನ್ನಡದವರಿಗೆ ತಮ್ಮ ಭಾಷೆಯಲ್ಲಿ ವ್ಯವಹರಿಸುವ ಹಕ್ಕು ಇದೆ. ಕಾಗದದಲ್ಲಿ ಇದೆ. ಕೌಂಟರಿನಲ್ಲಿ ಇಲ್ಲ.

ಪೆರಡಾಲ
2017ರಲ್ಲಿ ಮಲಯಾಳ ಕಲಿಕೆ ಕಡ್ಡಾಯ ಅಂತ ಕಾನೂನು ಬಂದಾಗ ವಿದ್ಯಾನಗರದ ಕಲೆಕ್ಟರೇಟಿನ ಮುಂದೆ ನಾವು ಕೂತಿದ್ದೆವು. ಆ ದಿನ ಪಕ್ಷ ನೋಡಲಿಲ್ಲ ಯಾರೂ. ಟೋಪಿ ಹಾಕಿದವರೂ ಇದ್ದರು, ಕುಂಕುಮ ಇಟ್ಟವರೂ ಇದ್ದರು. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ.

ತಳಂಗರೆಯವ
ಅಣ್ಣ, ಈಗ ನೀವೇ ಹೇಳಿದಿರಿ. ಆ ದಿನ ಅಲ್ಲಿ ಕೂತವರು ಚುನಾವಣೆಯಲ್ಲಿ ಬೇರೆ ಬೇರೆ ಪಕ್ಷಕ್ಕೆ ಹಾಕಿದವರು. ಹಾಗಿದ್ದ ಮೇಲೆ ಕನ್ನಡದ ವೋಟು ಒಂದೇ ಪಕ್ಷಕ್ಕೆ ಹೋಯಿತು ಅನ್ನುವುದು ಹೇಗೆ? ಮಂಜೇಶ್ವರದ ಅಶ್ರಫ್ 2021ರಲ್ಲಿ ವಿಧಾನಸಭೆಯಲ್ಲಿ ಪ್ರಮಾಣ ವಚನ ತೆಗೆದುಕೊಂಡದ್ದು ಕನ್ನಡದಲ್ಲಿ. ಅವರು ಲೀಗಿನವರು. ನನಗೆ ಆ ದಿನ ತುಂಬಾ ಖುಷಿಯಾಯಿತು.

ಪೆರಡಾಲ
ಪ್ರಮಾಣ ವಚನ ಒಂದು ನಿಮಿಷದ್ದು. ಐದು ವರ್ಷದ ಪ್ರಶ್ನೆ ಉತ್ತರ ಯಾವ ಭಾಷೆಯಲ್ಲಿ? ಆದರೂ ಒಪ್ಪಿದೆ, ಅವರು ಅಷ್ಟಾದರೂ ಮಾಡಿದರು. ಕಾಸರಗೋಡು ಕ್ಷೇತ್ರದವರೂ ಅದನ್ನು ಮಾಡಲಿ. ಯಾವ ಪಕ್ಷದವರಾದರೂ ಆಗಲಿ, ನಾನು ಹೋಗಿ ಕೈ ಕುಲುಕುತ್ತೇನೆ.

ಮಂಗ್ಳೂರು ಬಸ್
ಕರ್ನಾಟಕ ಕರ್ನಾಟಕ ಅಂತ 1967ರಲ್ಲಿ ವೋಟು ಹಾಕಿದಿರಿ. 2020ರ ಮಾರ್ಚಿನಲ್ಲಿ ಅದೇ ಕರ್ನಾಟಕ ತಲಪಾಡಿಯಲ್ಲಿ ಗಡಿ ಮುಚ್ಚಿತು. ರಸ್ತೆಗೆ ಮಣ್ಣು ಸುರಿದರು. ಮಂಗಳೂರಿನ ಆಸ್ಪತ್ರೆ ನಂಬಿಕೊಂಡಿದ್ದ ನಮ್ಮ ಜನ ಆಂಬ್ಯುಲೆನ್ಸಿನಲ್ಲೇ ಸತ್ತರು. ಕೇಸು ಸುಪ್ರೀಂ ಕೋರ್ಟಿನ ತನಕ ಹೋಯಿತು. ನನ್ನ ಮನೆಯ ಹಿರಿಯರು ಹೋರಾಟದಲ್ಲಿ ಇದ್ದವರು, ಆ ವಾರ ಅವರು ಒಂದು ಮಾತೂ ಆಡಲಿಲ್ಲ. ಎರಡೂ ಸರಕಾರಕ್ಕೆ ನಾವು ಬೇಡವಾಗಿದ್ದೇವೆ.

ನಿವೃತ್ತ ಮಾಸ್ಟ್ರು
ಆ ನೋವು ನನಗೂ ಇದೆ. ಆದರೆ ಗಡಿ ಮುಚ್ಚಿದ್ದು ಒಂದು ಸರಕಾರದ ತೀರ್ಮಾನ. 1967ರ ಜನ ವೋಟು ಹಾಕಿದ್ದು ಮಕ್ಕಳ ಶಾಲೆಗೆ, ಕಚೇರಿಯ ಭಾಷೆಗೆ, ಕೆಲಸಕ್ಕೆ. ಆ ಮೂರೂ ಬೇಡಿಕೆ ಈಗಲೂ ಇದೆ. ವಿಲೀನ ಆಗಲಿಲ್ಲ ಅಂತ ಆ ಬೇಡಿಕೆಗಳನ್ನೂ ಅದರ ಜೊತೆ ಹೂತುಹಾಕಿದ್ದೇ ನಮ್ಮ ದೊಡ್ಡ ಸೋಲು. ಕನ್ನಡ ಶಾಲೆಗೆ ಕನ್ನಡ ಬಾರದ ಶಿಕ್ಷಕರು ಬಂದಾಗ ಮಕ್ಕಳೇ ತರಗತಿ ಬಿಟ್ಟು ಕೂತ ದಿನಗಳನ್ನು ನಾನು ನೋಡಿದ್ದೇನೆ. ಚುನಾವಣೆಯ ಭಾಷಣದಲ್ಲಿ ಅದು ಬಂತಾ? ಬರಲಿಲ್ಲ. ಲೀಗ್, ಬಿಜೆಪಿ, ಎಡರಂಗ ಮೂವರಲ್ಲಿ ಯಾರು ಬಂದರೂ ನಾವು ಕೇಳಬೇಕಾದ್ದು ಇದನ್ನೇ.

ಲೆಕ್ಕಪತ್ರ
ಮಾಸ್ಟ್ರ ಮಾತಿಗೆ ಒಂದು ಲೆಕ್ಕ ಸೇರಿಸುತ್ತೇನೆ. 2021ರಲ್ಲಿ ಈ ಕ್ಷೇತ್ರದ ಅಂತರ 12,901. ಮೂರು ಪಂಚಾಯತಿನ ಕನ್ನಡ ಮತದಾರರು ಶಾಲೆ, ಕಚೇರಿ, ನೇಮಕಾತಿ ಅಂತ ಒಂದೇ ಕಾಗದ ಬರೆದು ಮೂವರು ಅಭ್ಯರ್ಥಿಗಳ ಹತ್ತಿರವೂ ಸಹಿ ಕೇಳಿದರೆ, ಸಹಿ ಹಾಕದೆ ಹೋಗುವ ಧೈರ್ಯ ಯಾರಿಗೂ ಇರುವುದಿಲ್ಲ. ಅದಕ್ಕೆ ಬೇರೆ ಅಭ್ಯರ್ಥಿ ನಿಲ್ಲಿಸುವುದೂ ಬೇಡ.

ಅಡ್ಕದ ಹುಡುಗ
ಸಹಿ ಹಾಕಿ ಮರೆಯುತ್ತಾರೆ.

ಲೆಕ್ಕಪತ್ರ
ಸಹಿ ಇರುವ ಕಾಗದವನ್ನು ಐದು ವರ್ಷ ಬಿಟ್ಟು ಮತ್ತೆ ತೋರಿಸಬಹುದಲ್ವಾ? ಈಗ ತೋರಿಸಲು ನಮ್ಮ ಹತ್ತಿರ ಏನಿದೆ?

ತಳಂಗರೆಯವ
ಕಾಗದ ಬರೆದರೆ ತಳಂಗರೆಯಲ್ಲಿ ಸಹಿ ಮಾಡಿಸುವ ಕೆಲಸ ನನ್ನದು. ಕನ್ನಡ ಕಲಿತ ಹಿರಿಯರು ಇಲ್ಲಿ ಇನ್ನೂ ಇದ್ದಾರೆ. ಅವರ ಮಾತಿಗೆ ಬೆಲೆ ಇದೆ.

ಬೀರಂತಬೈಲು
ಎಲ್ಲರಿಗೂ ತುಂಬಾ ಉಪಕಾರ. ಮಕ್ಕಳ ಮುಂದೆ ಮಾಸ್ಟ್ರ ಕ್ಯಾಲೆಂಡರನ್ನೂ ಲೆಕ್ಕಪತ್ರದವರ ಸಂಖ್ಯೆಗಳನ್ನೂ ಒಟ್ಟಿಗೆ ಇಡುತ್ತೇನೆ. ಮಾಸ್ಟ್ರೇ, ನೀವೇ ಬಂದು ಅರ್ಧ ಗಂಟೆ ಮಾತಾಡಿದರೆ ಇನ್ನೂ ಒಳ್ಳೆಯದು. ಪೆರಡಾಲದ ಅಣ್ಣನೂ ತಳಂಗರೆಯವರೂ ಬಂದು ಅಕ್ಕಪಕ್ಕ ಕೂರಬೇಕು. ಈ ಜಗಳವನ್ನು ಮಕ್ಕಳು ನೇರವಾಗಿ ಕೇಳಲಿ.

ಪೆರಡಾಲ
ಬರುತ್ತೇನೆ. ತಾವರೆಯ ಮಾತು ಮಾತ್ರ ಬಿಡುವುದಿಲ್ಲ.

ನಿವೃತ್ತ ಮಾಸ್ಟ್ರು
ಭಾನುವಾರ ಬೆಳಗ್ಗೆ ಆದರೆ ಬರಬಹುದು. ಸಂಜೆ ಬಸ್ಸು ಸಿಗುವುದಿಲ್ಲ.

ಮುಳ್ಳೇರಿಯಾ ಅಕ್ಕ
ಉದುಮ ಕ್ಷೇತ್ರಕ್ಕೆ ಬೇರೆ ಚರ್ಚೆ ಶುರು ಮಾಡಿ. ದೇಲಂಪಾಡಿ, ಮುಳಿಯಾರಿನ ಕನ್ನಡದವರ ಬಗ್ಗೆ ಯಾರೂ ಬರೆಯುವುದೇ ಇಲ್ಲ. ನನ್ನ ತವರುಮನೆ ಆ ಕಡೆ, ಹೇಳಲು ತುಂಬಾ ಇದೆ.